ಮೂರಡಿ ಜಗಲಿಯಲ್ಲಿ ಕಬ್ಬಿಣದ ಕುದುರೆ

ಕಳೆದ ಡಿಸೆಂಬರಿನಲ್ಲಿ ನನಗೆ ಕರಾಟೆಯ ಕಪ್ಪು ಬೆಲ್ಟು ಸಿಕ್ಕಿತು. ವಯಸ್ಸು ಐವತ್ತೆರಡು. ಉಡುಪಿಯಲ್ಲಿ ಮೂವತ್ತು ವರ್ಷದಿಂದ ಹೊಲಿಗೆ ಯಂತ್ರದ ಮುಂದೆ ಬಾಗಿ ಕುಳಿತವನು ನಾನು. ಕುಮಿತೆ ಎಂದರೆ ಎದುರಾಳಿಯೊಡನೆ ಸೆಣಸಾಟ, ಕಟಾ ಎಂದರೆ ಒಬ್ಬರೇ ಮಾಡುವ ಕ್ರಮಬದ್ಧ ಚಲನೆಗಳು. ‘ಕುಮಿತೆ ಬಿಟ್ಟು ಬರೀ ಕಟಾ ಮಾಡಿದರೆ ಅದು ಕುಣಿತ, ಕರಾಟೆಯಲ್ಲ’ ಎಂದಿದ್ದವರೇ ಈಗ ಹೇಗೆ ಮಾಡಿದಿರಿ ಎಂದು ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಕರಾಟೆಗೆ ಸೇರಿದ್ದು ನಲವತ್ತಮೂರನೇ ವಯಸ್ಸಿನಲ್ಲಿ, ಮಗಳನ್ನು ಕ್ಲಾಸಿಗೆ ಬಿಡಲು ಹೋಗುತ್ತಿದ್ದಾಗ. ಅವಳು ವರ್ಷದೊಳಗೆ ಬಿಟ್ಟಳು, ನಾನು ಉಳಿದೆ. ಹಸಿರು ಬೆಲ್ಟಿನವರೆಗೆ ತೊಂದರೆಯಾಗಲಿಲ್ಲ. ಕಂದು ಬೆಲ್ಟಿನ ಪರೀಕ್ಷೆಯಲ್ಲಿ ಎರಡು ಸಲ ಬಿದ್ದೆ, ಎರಡೂ ಸಲ ‘ಕಬ್ಬಿಣದ ಕುದುರೆ’ ಎಂಬ ಅರ್ಥದ ಮೂರು ತೆಕ್ಕಿ ಕಟಾಗಳಲ್ಲಿ ಮೊದಲನೆಯದಾದ ತೆಕ್ಕಿ ಶೋದಾನ್‌ನಲ್ಲಿ. ಕುದುರೆ ಸವಾರನಂತೆ ಕಾಲು ಅಗಲಿಸಿ, ಮೊಣಕಾಲು ಬಗ್ಗಿಸಿ ನಿಲ್ಲುವ ಕಿಬಾ ದಾಚಿಯಲ್ಲಿ ಇಳಿದರೆ ಮೊಣಕಾಲು ಒಳಕ್ಕೆ ವಾಲುತ್ತಿತ್ತು, ಪ್ರತಿ ಹೆಜ್ಜೆಗೂ ಸೊಂಟ ಮೇಲೇಳುತ್ತಿತ್ತು. ಪರೀಕ್ಷಾ ಶುಲ್ಕ ಸಲಕ್ಕೆ ಎರಡೂವರೆ ಸಾವಿರದ ಹತ್ತಿರ. ನಡುವೆ ಕುಮಿತೆಯಲ್ಲಿ ಬಲಗೈ ಹೆಬ್ಬೆರಳು ಉಳುಕಿ ಹದಿನೆಂಟು ದಿನ ಕತ್ತರಿ ಹಿಡಿಯಲಾಗಲಿಲ್ಲ. ಅದು ಮೇ ತಿಂಗಳು, ಮದುವೆಯ ಹೊಲಿಗೆ; ಏನಿಲ್ಲವೆಂದರೂ ಇಪ್ಪತ್ತೈದು ಸಾವಿರ ಕೈತಪ್ಪಿತು. ‘ಈ ವಯಸ್ಸಿಗೆ ಇಷ್ಟು ಸಾಕು’ ಎಂದರು ಕಲಿಸುವವರು. ಆ ಮಾತು ಇನ್ನೂ ಚುಚ್ಚುತ್ತದೆ.

ಕ್ಲಾಸು ನಿಲ್ಲಿಸಿದೆ, ಕಟಾ ನಿಲ್ಲಿಸಲಿಲ್ಲ. ಶೋತೋಕಾನ್ ಕರಾಟೆಯ ಮೂಲಗುರು ಫುನಾಕೋಶಿ ಗಿಚಿನ್ ಅವರೇ ಮೂರು ತೆಕ್ಕಿಗಳಿಗೆ ಹತ್ತು ವರ್ಷ ಕೊಟ್ಟಿದ್ದರು. ಒಂದಕ್ಕೆ ನಾನು ಎರಡು ವರ್ಷವಾದರೂ ಕೊಡಬೇಡವೇ? ತೆಕ್ಕಿ ಎಡಕ್ಕೂ ಬಲಕ್ಕೂ ಒಂದೇ ಗೆರೆಯ ಮೇಲೆ ಓಡಾಡುವ ಕಟಾ. ನನ್ನ ಮನೆಯ ಜಗಲಿ ಮೂರಡಿ ಅಗಲ, ಹನ್ನೆರಡಡಿ ಉದ್ದ. ಅಳತೆ ತೆಗೆದು ಹೊಲಿದಂತೆ ಕೂತಿತು. ಆಟಿಯ ಮಳೆಯಲ್ಲೂ ತಪ್ಪಿಸಲು ನೆಪವಿರಲಿಲ್ಲ.

ಮೊದಲ ಮೂರು ತಿಂಗಳು ಕೈಯ ಕೆಲಸವೇ ಇಲ್ಲ, ಬರೀ ಕಾಲು. ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ನೆಲದಲ್ಲಿ ಪಾದಗಳನ್ನು ಬರೆದು ಅವುಗಳ ಮೇಲೆಯೇ ಇಳಿಯುತ್ತಿದ್ದೆ. ಕಂಬದಿಂದ ಕಂಬಕ್ಕೆ, ಇಳಿದು ನಿಂತಾಗಿನ ನೆತ್ತಿಯ ಮಟ್ಟಕ್ಕೆ ಸರಿಯಾಗಿ, ಹಳೆಯ ಅಳತೆ ಟೇಪೊಂದನ್ನು ಬಿಗಿದೆ. ನೆತ್ತಿ ಟೇಪಿಗೆ ತಾಗಿದರೆ ಆ ಸುತ್ತು ಲೆಕ್ಕಕ್ಕಿಲ್ಲ. ಒಂದು ಪಾದವನ್ನು ಒಳಕ್ಕೆ ಬೀಸಿ ಎತ್ತಿ ಮತ್ತೆ ಇಳಿಸುವ ನಾಮಿ ಗಾಯೇಶಿಯಲ್ಲಿ ಪಾದ ಎತ್ತುವಾಗ ಮೊದಮೊದಲು ಪ್ರತಿ ಸಲವೂ ತಾಗುತ್ತಿತ್ತು. ದಿನಕ್ಕೆ ಹನ್ನೆರಡು ಸುತ್ತು ಎಂದು ಇಟ್ಟುಕೊಂಡಿದ್ದರಿಂದ ಕೆಲವು ದಿನ ಮೂವತ್ತು ಸುತ್ತಾದರೂ ಹನ್ನೆರಡು ಮುಗಿಯುತ್ತಿರಲಿಲ್ಲ. ಏಳೆಂಟು ತಿಂಗಳ ಮೇಲೆ ಟೇಪು ಅಲ್ಲಾಡುವುದು ನಿಂತಿತು. ಉಸಿರನ್ನು ಎಲ್ಲಿ ತುಂಡರಿಸುತ್ತೇನೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದನ್ನು ಎದುರು ನಿಂತೇ ತೋರಿಸಬೇಕು.

ನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ಕಾಲಿಗೆ ಬಲ ಬರಲೆಂದು ಮಲ್ಪೆಯ ಮರಳಿನಲ್ಲಿ ಕಟಾ ಮಾಡಿದೆ. ಮರಳು ಪಾದದಡಿ ಜಾರಿ ಎಡ ಮೊಣಕಾಲು ತಿರುಚಿತು, ಮೂರು ವಾರ ಹೋಯಿತು. ಅಷ್ಟಮಿಯ ಹುಲಿವೇಷ ನೋಡಿ ತಾಸೆ ವಾದ್ಯದ ಬಡಿತಕ್ಕೆ ಕಟಾ ಹೊಂದಿಸಿ ನೋಡಿದೆ. ಕಾಲಿನ ಇಳಿತ ಚೆನ್ನಾಗಿ ಬಂತು, ಆದರೆ ತಾಸೆ ಓಡಿಸುತ್ತದೆ, ತೆಕ್ಕಿ ನಿಲ್ಲಬೇಕೆನ್ನುತ್ತದೆ. ಬಿಟ್ಟೆ. ಫಲ ಕೊಟ್ಟದ್ದು ಉಡುಪಿನ ಪ್ರಯೋಗ. ದಪ್ಪ ಬಟ್ಟೆಯ ಕರಾಟೆ ಉಡುಪಿಗೆ ಅಂಗಡಿಯಲ್ಲಿ ಮೂರೂವರೆ ಸಾವಿರ ಕೇಳಿದರು. ಕಾಟನ್ ಡ್ರಿಲ್ ಬಟ್ಟೆ ತಂದು ಒಂಬೈನೂರರಲ್ಲಿ ನಾನೇ ಹೊಲಿದೆ. ಮೊದಲನೆಯದು ಮೊಣಕೈ ಹೊಡೆತಕ್ಕೆ ಕಂಕುಳಲ್ಲಿ ಹರಿಯಿತು. ಎರಡನೆಯದಕ್ಕೆ ಅಲ್ಲಿ ಚೌಕದ ತುಂಡು ಕೂಡಿಸಿದೆ. ಎಷ್ಟು ಅಂಗುಲ, ಯಾವ ಓರೆ ಎಂಬುದು ನನ್ನ ಅನ್ನ, ಅದನ್ನು ಕೇಳಬೇಡಿ. ಇದುವರೆಗೆ ನಲವತ್ತರಷ್ಟು ಹೊಲಿದು ಕೊಟ್ಟಿದ್ದೇನೆ. ಒಂದೂ ಹರಿದು ವಾಪಸು ಬಂದಿಲ್ಲ. ಕರಾಟೆಗೆ ಸುರಿದ ಹಣವೆಲ್ಲ ಅದರಲ್ಲೇ ಹುಟ್ಟಿತು.

ಬೆನ್ನುನೋವು ಹೋಯಿತು, ಸರಿ. ಆದರೆ ನಾನು ಹೇಳಲೇಬೇಕಾದದ್ದು ಸಿಟ್ಟಿನ ವಿಷಯ. ಹಿಂದೊಮ್ಮೆ ಮದುವೆ ಕಾಲದಲ್ಲಿ ಕತ್ತರಿ ಎಸೆದು ಅಂಗಡಿಯ ಗಾಜು ಒಡೆದಿದ್ದೆ. ಆವತ್ತೇ ಸಹಾಯಕ ಹುಡುಗ ಕೆಲಸ ಬಿಟ್ಟು ಹೋದ. ಎರಡು ವರ್ಷದ ಹಿಂದೆ ಮದುಮಗಳ ತಾಯಿಯೊಬ್ಬರು ರವಕೆ ಬಿಗಿಯಾಯಿತೆಂದು ಅದನ್ನು ಮೇಜಿನ ಮೇಲೆ ಬೀಸಿ ಎಸೆದರು. ಕತ್ತರಿ ಕೈಯಲ್ಲೇ ಇತ್ತು. ಮೇಜಿನ ಹಿಂದೆ ನನ್ನ ಕಾಲುಗಳು ತಾವಾಗಿಯೇ ಅಗಲವಾದವು, ಮೊಣಕಾಲು ಹೊರಕ್ಕೆ ಹೋಯಿತು, ಉಸಿರು ಹೊಟ್ಟೆಗೆ ಇಳಿಯಿತು. ರವಕೆ ತೆಗೆದುಕೊಂಡೆ, ಎರಡೂ ಬದಿಯ ಹೊಲಿಗೆ ಬಿಚ್ಚಿ ಅರ್ಧ ಅಂಗುಲ ಬಿಟ್ಟು ಹೊಲಿದು ಕೊಟ್ಟೆ. ಇಪ್ಪತ್ತು ನಿಮಿಷ. ‘ಮಾಸ್ಟರೇ, ನನ್ನ ಸೀರೆಗೂ ಫಾಲ್ಸ್ ಹಚ್ಚಿಕೊಡುತ್ತೀರಾ?’ ಎಂದು ಕೇಳಿಯೇ ಅವರು ಹೋದರು. ಬಿಟ್ಟು ಹೋಗಿದ್ದ ಹುಡುಗನ ಮನೆಗೆ ನಾನೇ ಹೋಗಿ ಮಾತಾಡಿದೆ. ಈಗ ಅಂಗಡಿಯಲ್ಲಿ ಎರಡನೇ ಯಂತ್ರ ಅವನದು.

ಐವತ್ತರಲ್ಲಿ ಹಳೆಯ ಕ್ಲಾಸಿಗೇ ಮರಳಿ ಕಂದು ಬೆಲ್ಟಿನ ಪರೀಕ್ಷೆಗೆ ನಿಂತೆ. ತೆಕ್ಕಿ ಮುಗಿದ ಮೇಲೆ ಪರೀಕ್ಷಕರು ಮಕ್ಕಳನ್ನೆಲ್ಲ ಕೂರಿಸಿ ಇನ್ನೊಮ್ಮೆ ಮಾಡಿಸಿದರು. ಕಪ್ಪು ಬೆಲ್ಟಿಗೆ ಬೇಕಾದ ಬಸ್ಸಾಯ್ ದಾಯ್ ಎಂಬ ಕಟಾ ಮೂರೇ ತಿಂಗಳಲ್ಲಿ ಕೂತಿತು.

ಈ ಮಳೆಗಾಲಕ್ಕೆ ಎರಡನೆಯ ತೆಕ್ಕಿ, ತೆಕ್ಕಿ ನಿದಾನ್ ಹಿಡಿದಿದ್ದೇನೆ. ಜಗಲಿಯ ಹಳೆಯ ಗುರುತುಗಳನ್ನು ಒರೆಸಿ ಹೊಸದು ಹಾಕಿಯಾಯಿತು. ಟೇಪು ಅರ್ಧ ಅಂಗುಲ ಕೆಳಗಿಳಿದಿದೆ.