ನೆಲ ನಡುಗಿದಾಗ ಓಡಬೇಡಿ, ಬೆಂಚಿನ ಕೆಳಗೆ ಸೇರಿಕೊಳ್ಳಿ

ತರಗತಿ ನಡೆಯುತ್ತಿದೆ. ಕಿಟಕಿ ಗಾಜು ಗಡಗಡ ಎನ್ನುತ್ತದೆ, ಫ್ಯಾನ್ ತೂಗಾಡುತ್ತದೆ. ಯಾರೋ 'ಭೂಕಂಪ' ಎಂದು ಕೂಗುತ್ತಾರೆ. ಅಷ್ಟೇ, ಎಲ್ಲರ ಕಾಲೂ ಬಾಗಿಲ ಕಡೆಗೆ. ದಯವಿಟ್ಟು ಹಾಗೆ ಮಾಡಬೇಡಿ. 1933ರಲ್ಲಿ ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್‌ನಲ್ಲಿ ಭೂಮಿ ನಡುಗಿದಾಗ ಸತ್ತವರಲ್ಲಿ ಅನೇಕರು ಕಟ್ಟಡದಿಂದ ಹೊರಗೆ ಓಡಿ ಬಂದವರು. ಗೋಡೆ ಕುಸಿದು ಅವರ ಮೇಲೇ ಬಿತ್ತು. ಬಾಗಿಲು ದಾಟಿದ ಕೂಡಲೇ ಸಿಗುವ ಜಾಗ, ಅಂದರೆ ಹೊರಗೋಡೆಯ ಬುಡ, ಆ ಹೊತ್ತಿನಲ್ಲಿ ತುಂಬಾ ಅಪಾಯದ್ದು.

ಅಲುಗಾಟ ಶುರುವಾದ ತಕ್ಷಣ

ಮೊದಲು ಮಂಡಿಯೂರಿ ಕೆಳಗೆ ಬನ್ನಿ. ನಿಂತೇ ಇದ್ದರೆ ಅಲುಗಾಟವೇ ನಿಮ್ಮನ್ನು ಬೀಳಿಸುತ್ತದೆ. ಆಮೇಲೆ ಗಟ್ಟಿಯಾದ ಬೆಂಚು ಅಥವಾ ಮೇಜಿನ ಕೆಳಗೆ ತೂರಿಕೊಳ್ಳಿ, ಒಂದು ಕೈಯಿಂದ ತಲೆ, ಕತ್ತು ಮುಚ್ಚಿಕೊಳ್ಳಿ. ಮೂರನೆಯದನ್ನು ಮರೆಯುವವರೇ ಜಾಸ್ತಿ: ಇನ್ನೊಂದು ಕೈಯಲ್ಲಿ ಮೇಜಿನ ಕಾಲನ್ನು ಗಟ್ಟಿಯಾಗಿ ಹಿಡಿಯಿರಿ. ಜೋರು ಕಂಪನದಲ್ಲಿ ಮೇಜು ಸುಮ್ನೆ ನಿಂತಿರುವುದಿಲ್ಲ, ಜಾರುತ್ತಾ ಹೋಗುತ್ತದೆ. ಹಿಡಿಯದಿದ್ದರೆ ಅದು ಅತ್ತ, ನೀವು ಇತ್ತ. ಹಿಡಿದಿದ್ದರೆ ಮಂಡಿಯ ಮೇಲೇ ಅದರ ಜೊತೆ ಸಾಗಬಹುದು. ಅಲುಗಾಟ ಪೂರ್ತಿ ನಿಲ್ಲುವವರೆಗೂ ಅಲ್ಲೇ ಇರಿ. ಹೆಚ್ಚಿನ ಭೂಕಂಪಗಳು ಒಂದು ನಿಮಿಷದೊಳಗೆ ನಿಲ್ಲುತ್ತವೆ. 2011ರಲ್ಲಿ ಜಪಾನಿನಲ್ಲಿ ಆದ ಹಾಗೆ ಕೆಲವು ನಿಮಿಷ ಎಳೆಯುವುದೂ ಉಂಟು.

ಬಾಗಿಲ ಚೌಕಟ್ಟಿನ ಕೆಳಗೆ ನಿಲ್ಲಬೇಕು ಎನ್ನುವ ಹಳೆಯ ಮಾತನ್ನು ಬಿಟ್ಟುಬಿಡಿ. ಈಗಿನ ಕಟ್ಟಡಗಳಲ್ಲಿ ಆ ಚೌಕಟ್ಟಿಗೆ ವಿಶೇಷ ಬಲವೇನಿಲ್ಲ, ಜೊತೆಗೆ ಬಾಗಿಲು ಬೀಸಿ ಹೊಡೆಯುತ್ತದೆ. ಓಡಬಹುದಾದ ಸಂದರ್ಭ ಒಂದೇ: ಹಳೆಯ ಮಣ್ಣಿನ ಅಥವಾ ಕಲ್ಲಿನ ಕಟ್ಟಡದ ನೆಲಮಹಡಿಯಲ್ಲಿ, ಬಾಗಿಲ ಪಕ್ಕದಲ್ಲೇ ನೀವಿದ್ದು, ಎದುರಿಗೆ ಬಯಲಿದ್ದರೆ ಮಾತ್ರ.

ಎಲ್ಲ ಕಡೆ ಬೆಂಚು ಇರುವುದಿಲ್ಲ ಅಲ್ವಾ? ಲೈಬ್ರರಿಯಲ್ಲಿದ್ದರೆ ಕಪಾಟುಗಳ ಸಾಲಿನಿಂದ ಈಚೆ ಬನ್ನಿ. ಸಭಾಂಗಣದಲ್ಲಿ ಕುರ್ಚಿ ಬಿಟ್ಟು ಏಳಬೇಡಿ, ಮುಂದಕ್ಕೆ ಬಾಗಿ ಎರಡೂ ಕೈಗಳಿಂದ ತಲೆ, ಕತ್ತು ಮುಚ್ಚಿಕೊಳ್ಳಿ. ಲ್ಯಾಬ್‌ನಲ್ಲಿ ಬರ್ನರ್ ಕೈಗೆಟುಕುವಂತಿದ್ದರೆ ಆರಿಸಿ, ಆ್ಯಸಿಡ್ ಬಾಟಲಿಗಳ ಶೆಲ್ಫಿನಿಂದ ದೂರ ಸರಿಯಿರಿ. ಹಾಸ್ಟೆಲ್‌ನಲ್ಲಿ ಮಲಗಿದ್ದರೆ ಹಾಸಿಗೆಯಲ್ಲೇ ಬೋರಲಾಗಿ, ದಿಂಬನ್ನು ತಲೆಯ ಮೇಲೆ ಒತ್ತಿ ಹಿಡಿಯಿರಿ. ಗಾಲಿಕುರ್ಚಿಯಲ್ಲಿರುವವರು ಬ್ರೇಕ್ ಹಾಕಿ, ಬಾಗಿ ತಲೆ ಮುಚ್ಚಿಕೊಳ್ಳಬೇಕು. ಹೊರಗಿದ್ದರೆ ಕಟ್ಟಡ, ಮರ, ವಿದ್ಯುತ್ ತಂತಿಗಳಿಂದ ದೂರ.

ಅಲುಗಾಟ ನಿಂತ ಮೇಲೆ

ಎದ್ದ ತಕ್ಷಣ ಕಾಲ ಕೆಳಗೆ ನೋಡಿ. ಭೂಕಂಪದ ನಂತರ ಒಡೆದ ಗಾಜು ತುಳಿದು ಗಾಯವಾಗುವುದು ತೀರಾ ಸಾಮಾನ್ಯ. ಅದಕ್ಕೇ ಹಾಸ್ಟೆಲ್ ಮಕ್ಕಳಿಗೆ ನನ್ನದೊಂದು ಕೋರಿಕೆ: ಒಂದು ಜೊತೆ ಶೂ ಮತ್ತು ಟಾರ್ಚನ್ನು ಚೀಲಕ್ಕೆ ಹಾಕಿ ಮಂಚದ ಕಾಲಿಗೆ ಕಟ್ಟಿಡಿ. ಇವತ್ತೇ ಕಟ್ಟಿ. ಬರೀ ನೆಲದ ಮೇಲಿಟ್ಟರೆ ಕಂಪನಕ್ಕೆ ಎಲ್ಲೋ ಜಾರಿ ಹೋಗಿರುತ್ತದೆ.

ಗ್ಯಾಸ್ ವಾಸನೆ ಬಂದರೆ ಕಡ್ಡಿ ಗೀರಬೇಡಿ, ಸ್ವಿಚ್ಚನ್ನೂ ಮುಟ್ಟಬೇಡಿ. ಆರಿಸುವಾಗಲೂ ಅದರಲ್ಲಿ ಕಿಡಿ ಹಾರುತ್ತದೆ. ಲಿಫ್ಟ್ ಬೇಡ, ಮೆಟ್ಟಿಲೇ ಸರಿ. ಅವಶೇಷಗಳಡಿ ಸಿಕ್ಕಿಕೊಂಡಿದ್ದರೆ ಬಾಯಿ, ಮೂಗಿಗೆ ಬಟ್ಟೆ ಹಿಡಿದು ಪೈಪನ್ನೋ ಗೋಡೆಯನ್ನೋ ತಟ್ಟುತ್ತಿರಿ. ಕೂಗುತ್ತಲೇ ಇದ್ದರೆ ಧೂಳು ಒಳಗೆ ಹೋಗುತ್ತದೆ, ಶಕ್ತಿಯೂ ಮುಗಿಯುತ್ತದೆ.

ಮೈದಾನಕ್ಕೆ ಬಂದ ಮೇಲೆ ಬ್ಯಾಗಿಗೋ ಲ್ಯಾಪ್‌ಟಾಪಿಗೋ ಒಳಗೆ ಹೋಗಬೇಡಿ. ಮರುಕಂಪನಗಳು ನಿಮಿಷಗಳಲ್ಲೂ ಬರಬಹುದು, ದಿನಗಟ್ಟಲೆ ಬಿಟ್ಟೂ ಬರಬಹುದು. ಮೊದಲ ಸಲ ಬಿರುಕು ಬಿಟ್ಟು ನಿಂತ ಗೋಡೆ ಎರಡನೇ ಸಲ ಬೀಳಬಹುದು. ಕಂಬದ ಕಾಂಕ್ರೀಟ್ ಉದುರಿ ಕಬ್ಬಿಣ ಕಾಣುತ್ತಿದ್ದರೆ, ಗೋಡೆಯಲ್ಲಿ ಓರೆ ಬಿರುಕುಗಳು ಒಂದನ್ನೊಂದು ದಾಟಿದ್ದರೆ ಹತ್ತಿರವೂ ಹೋಗಬೇಡಿ. ಎಂಜಿನಿಯರ್ ಪರೀಕ್ಷಿಸಿ ಒಪ್ಪಿಗೆ ಕೊಡಲಿ. ಮನೆಗೆ ಫೋನ್ ಮಾಡುವ ಬದಲು ಮೆಸೇಜ್ ಕಳಿಸಿ. ನೆಟ್‌ವರ್ಕ್ ತುಂಬಿ ಹೋದಾಗಲೂ ಅದು ತಲುಪುವ ಸಾಧ್ಯತೆ ಹೆಚ್ಚು.

ಮೇಷ್ಟ್ರು ಹಾಜರಿ ಕೂಗುವವರೆಗೂ ಮೈದಾನ ಬಿಟ್ಟು ಕದಲಬೇಡಿ. ಹೇಳದೆ ಮನೆಗೆ ಹೋದರೆ, ನಿಮ್ಮನ್ನು ಹುಡುಕಲು ಯಾರೋ ಆ ಬಿರುಕು ಬಿಟ್ಟ ಕಟ್ಟಡದೊಳಗೆ ಹೋಗುತ್ತಾರೆ.