ಹಡಗು ನಿಂತ ಒಂದು ಹಗಲು: ಕೊಡಗಿನಿಂದ ಲಕ್ಷದ್ವೀಪಕ್ಕೆ ಹೊರಟವರಿಗೆ

ರೈಲೇ ಇಲ್ಲದ ಜಿಲ್ಲೆಯವರು ನಾವು. ಹಡಗು ಹತ್ತುವುದು ಇನ್ನೂ ದೂರದ ಮಾತು ಅನ್ನಿಸಬಹುದು. ಆದರೆ ವಿರಾಜಪೇಟೆಯಿಂದ ಮಾಕುಟ್ಟ ಘಾಟಿ ಇಳಿದು ಕಣ್ಣೂರು ಸೇರಿದರೆ ಎರ್ನಾಕುಲಂಗೆ ರೈಲು ಸಿಗುತ್ತದೆ. ಅಲ್ಲಿಂದ ಕೊಚ್ಚಿಯ ವಿಲ್ಲಿಂಗ್ಡನ್ ದ್ವೀಪದ ಧಕ್ಕೆ (ಹಡಗುಕಟ್ಟೆ) ಹತ್ತಿರವೇ. ಲಕ್ಷದ್ವೀಪದ ಹಡಗು ಹೊರಡುವುದು ಅಲ್ಲಿಂದಲೇ. ಕವರತ್ತಿ, ಕಲ್ಪೇನಿ, ಮಿನಿಕಾಯ್ ತೋರಿಸುವ 'ಸಮುದ್ರಂ' ಪ್ರವಾಸದಲ್ಲಿ ಹಗಲು ದ್ವೀಪ, ರಾತ್ರಿ ಹಡಗು.

ಯಾವಾಗ ಹೋಗಬೇಕು?
ಮಳೆಗಾಲದಲ್ಲಂತೂ ಬೇಡ. ಅಕ್ಟೋಬರ್‌ನಿಂದ ಏಪ್ರಿಲ್ ತನಕ ಒಳ್ಳೆಯ ಕಾಲ. ನಮ್ಮ ಕಷ್ಟ ಇರುವುದೇ ಅಲ್ಲಿ. ಕಾಫಿ ತೋಟದಲ್ಲಿ ಅರೇಬಿಕಾ ಕೊಯ್ಲು ಮುಗಿಯುವಷ್ಟರಲ್ಲಿ ರೊಬಸ್ಟಾ ಹಣ್ಣಾಗುತ್ತದೆ. ಅದೂ ಮುಗಿದರೆ ಕಾಫಿ ಹೂ ಅರಳಿಸುವ ಹೂಮಳೆ ಬರುತ್ತದೋ, ಸ್ಪ್ರಿಂಕ್ಲರ್ ಹಾಕಬೇಕೋ ಅನ್ನೋ ಚಿಂತೆ. ಅಕ್ಟೋಬರ್ ನಡುವಿನ ಕಾವೇರಿ ಸಂಕ್ರಮಣ ಮುಗಿಸಿ, ಹವಾಮಾನ ನೋಡಿಕೊಂಡು ಹೊರಡುವುದೇ ಸರಿ ಅಂತ ನನ್ನ ಲೆಕ್ಕ.

ಹೊರಗಿನವರು ಪರ್ಮಿಟ್ ಇಲ್ಲದೆ ದ್ವೀಪಕ್ಕೆ ಕಾಲಿಡುವಂತಿಲ್ಲ. ಬುಕ್ ಮಾಡುವಾಗಲೇ ಯಾವ ಯಾವ ಕಾಗದ ಬೇಕು ಅಂತ ಕೇಳಿಕೊಳ್ಳಿ. ಪೊಲೀಸ್ ಠಾಣೆಯಿಂದ ತರಬೇಕಾದದ್ದೂ ಇರಬಹುದು, ಅದಕ್ಕೆ ದಿನ ಹಿಡಿಯುತ್ತದೆ.

ಹಡಗಿನಿಂದ ದೋಣಿಗೆ
ಜನ ಹೆದರುವುದು ಇಲ್ಲೇ. ದ್ವೀಪದ ಸುತ್ತ ಹವಳದ ದಿಬ್ಬ, ಅದರೊಳಗೆ ಆಳವಿಲ್ಲದ ಹಸಿರು ನೀರು. ಅದನ್ನೇ ಲಗೂನ್ ಅನ್ನುತ್ತಾರೆ. ದೊಡ್ಡ ಹಡಗು ಅದರೊಳಗೆ ಬಂದರೆ ತಳ ಕಚ್ಚುತ್ತದೆ. ಹಾಗಾಗಿ ಹೊರಗೆ ಆಳದಲ್ಲಿ ನಿಲ್ಲುತ್ತದೆ, ನಾವು ಸಣ್ಣ ದೋಣಿಗೆ ಇಳಿಯಬೇಕು. ಅಲೆಗೆ ದೋಣಿ ಏಳುತ್ತದೆ, ಬೀಳುತ್ತದೆ. ಎರಡೂ ಕೈ ಖಾಲಿ ಇರಲಿ, ಚೀಲ ಬೆನ್ನಿಗಿರಲಿ, ಮೊಬೈಲ್ ಪ್ಲಾಸ್ಟಿಕ್ ಕವರಿನಲ್ಲಿರಲಿ. ದೋಣಿ ಮೇಲೆ ಬಂದ ಕ್ಷಣ ದೋಣಿಯವರು 'ಬಾ' ಅನ್ನುತ್ತಾರೆ. ಆಗ ಕಾಲಿಡಿ. ಸುಮ್ನೆ ಯೋಚನೆ ಮಾಡುತ್ತಾ ನಿಂತರೆ ಅದು ಮತ್ತೆ ಕೆಳಗೆ ಹೋಗಿರುತ್ತದೆ. ಮಾಕುಟ್ಟದ ತಿರುವುಗಳಲ್ಲೇ ಹೊಟ್ಟೆ ತೊಳಸುವವರು ಡಾಕ್ಟರನ್ನು ಕೇಳಿ ವಾಂತಿ ಮಾತ್ರೆ ತಂದುಕೊಳ್ಳಿ. ಹಡಗು ಹತ್ತುವ ಮೊದಲೇ ನುಂಗಿ, ತೊಳಸಲು ಶುರುವಾದ ಮೇಲೆ ಅಷ್ಟೇನೂ ಉಪಯೋಗವಿಲ್ಲ.

ದಡದಲ್ಲಿ ಏನು ಮಾಡಬೇಕು?
ಎಲ್ಲವನ್ನೂ ನೋಡಲು ಹೋಗಬೇಡಿ. ಒಂದು ಹಗಲಿಗೆ ಎರಡೇ ಕೆಲಸ ಸಾಕು. ಬೆಳಿಗ್ಗೆ ಬಿಸಿಲೇರುವ ಮೊದಲು ಲಗೂನಿನಲ್ಲಿ ನೀರಿಗಿಳಿಯಿರಿ. ಹವಳ ಚುಚ್ಚುತ್ತದೆ, ರಬ್ಬರ್ ಚಪ್ಪಲಿ ಬೇಕು. ಉದ್ದ ತೋಳಿನ ಬಟ್ಟೆ ಹಾಕಿಕೊಳ್ಳಿ. ಮಂಜಿನಲ್ಲಿ ಬೆಳೆದ ನಮ್ಮ ಚರ್ಮಕ್ಕೆ ಆ ಬಿಸಿಲು ಜಾಸ್ತಿಯೇ, ಬಿಸಿಲಿಗೆ ಹಚ್ಚುವ ಕ್ರೀಮುಗಳಲ್ಲಿ ಕೆಲವು ಹವಳಕ್ಕೆ ಒಳ್ಳೆಯದಲ್ಲ. ಊಟದ ಮೇಲೆ ಊರೊಳಗೆ ನಡೆಯಿರಿ. ಮಿನಿಕಾಯ್‌ನಲ್ಲಾದರೆ 1885ರ ದೀಪಸ್ತಂಭವಿದೆ. ಅಲ್ಲಿನ ಮಾತು ಮಹಲ್ ಅನ್ನೋ ಭಾಷೆ. ಉಳಿದ ದ್ವೀಪಗಳಲ್ಲಿ ಮಲಯಾಳ ನಡೆಯುತ್ತದೆ, ವಿರಾಜಪೇಟೆ ಕಡೆಯವರಿಗೆ ಅದು ಕಷ್ಟವಲ್ಲ. ಕಲ್ಪೇನಿಯಲ್ಲಿ 1847ರ ಬಿರುಗಾಳಿ ಎತ್ತಿ ಹಾಕಿದ ಹವಳದ ಕಲ್ಲುಗಳ ದಿಬ್ಬವನ್ನು ತೋರಿಸಿ ಅಂತ ಕೇಳಿ.

ಈಗ ಕಹಿ ಸುದ್ದಿ. ಈ ದ್ವೀಪಗಳಲ್ಲಿ ಮದ್ಯಕ್ಕೆ ಅವಕಾಶವಿಲ್ಲ. ನಮ್ಮ ಹಂದಿ ಮಾಂಸದ ಪಂದಿ ಕರಿಯನ್ನೂ ಮರೆತುಬಿಡಿ, ಊರಿನವರು ಹೆಚ್ಚುಕಡಿಮೆ ಎಲ್ಲರೂ ಮುಸ್ಲಿಮರು. ಟ್ಯೂನಾ ಮೀನು, ತೆಂಗಿನಕಾಯಿ ಇದ್ದೇ ಇರುತ್ತದೆ. ಊರೊಳಗೆ ಮೈತುಂಬಾ ಬಟ್ಟೆ ಇರಲಿ, ಹೆಂಗಸರ ಫೋಟೋ ಕೇಳದೆ ತೆಗೆಯಬೇಡಿ. ವೀಕೆಂಡಿಗೆ ಬಂದವರು ಗೇಟು ತೆರೆದು ತೋಟದೊಳಗೆ ನುಗ್ಗಿ, ಕಣದಲ್ಲಿ ಹರಡಿದ ಕಾಫಿಯ ಮೇಲೆ ನಿಂತು ಸೆಲ್ಫಿ ತೆಗೆದಾಗ ನಮಗೆ ಹೇಗಾಗುತ್ತದೆ? ಅಲ್ಲಿ ಆ ವೀಕೆಂಡಿನವರು ನಾವೇ, ಅಲ್ವಾ? ಚಿಪ್ಸ್ ಪ್ಯಾಕೆಟ್, ನೀರಿನ ಬಾಟಲಿ ವಾಪಸ್ ಹಡಗಿಗೆ ತನ್ನಿ.

ಹವಳದ ಚೂರನ್ನು ಎತ್ತಿಕೊಳ್ಳಬೇಡಿ. ಅದು ಕಾನೂನಿಗೆ ವಿರುದ್ಧ, ಸಿಕ್ಕಿಬಿದ್ದರೆ ಪ್ರವಾಸದ ಸುಖವೆಲ್ಲ ಅಲ್ಲಿಗೆ ಮುಗಿಯಿತು. ಮನೆಗೆ ಏನಾದರೂ ಒಯ್ಯಲೇಬೇಕಾದರೆ 'ಮಾಸ್' ಕೊಳ್ಳಿ. ಟ್ಯೂನಾವನ್ನು ಬೇಯಿಸಿ, ಹೊಗೆ ಹಾಕಿ, ಬಿಸಿಲಿಗೆ ಒಣಗಿಸಿದ್ದು, ಮರದ ತುಂಡಿನ ಹಾಗೆ ಗಟ್ಟಿ. ಆಷಾಢದ ಮಳೆಯಲ್ಲಿ ಅಕ್ಕಿ ರೊಟ್ಟಿಗೆ ಚೆನ್ನಾಗಿ ಹೊಂದುತ್ತದೆ. ಎರಡು ಕವರಿನಲ್ಲಿ ಬಿಗಿಯಾಗಿ ಕಟ್ಟಿಸಿ. ಇಲ್ಲದಿದ್ದರೆ ಕಣ್ಣೂರು ಬರುವ ತನಕ ರೈಲಿನ ಇಡೀ ಬೋಗಿ ನಿಮ್ಮನ್ನೇ ನೋಡುತ್ತದೆ.