ಜೀಪಿನ ಮೈಕಿನ ಹಾಗೆ ಬೇಡ: ಫ್ಯಾಂಟಸಿ ಆಡುವವರಿಗೆ ಪಂದ್ಯದ ಮುನ್ನೋಟ ಬರೆಯುವುದು ಹೇಗೆ?

ನಮ್ಮ ಕಾಸರಗೋಡಿನ ಕಡೆ ಸೆವೆನ್ಸ್ (ಏಳೇಳು ಜನರ ಫುಟ್ಬಾಲ್) ಪಂದ್ಯಾಟ ಇದ್ದರೆ ಮೈಕ್ ಕಟ್ಟಿದ ಜೀಪೊಂದು ಊರೂರು ಸುತ್ತುತ್ತದೆ. ಅರ್ಧ ಮಲಯಾಳ, ಅರ್ಧ ಕನ್ನಡ. ‘ಇಂದು ರಾತ್ರಿ ಹೊನಲು ಬೆಳಕಿನಲ್ಲಿ...’ ಎಂದು ಶುರುವಾದರೆ ಮುಗಿಯಿತು, ಎರಡೂ ತಂಡದವರು ಹುಲಿಗಳೇ. ಕೇಳಲಿಕ್ಕೆ ಖುಷಿ, ಅಲ್ವಾ? ಆದರೆ ಅದನ್ನು ಕೇಳಿ ಯಾರ ಕಾಲಿಗೆ ನೋವು, ಯಾರು ಬೆಂಚಿನಲ್ಲಿ ಎಂದು ಗೊತ್ತಾಗುವುದಿಲ್ಲ. ಫ್ಯಾಂಟಸಿ ಆಡುವವನಿಗೆ ಬೇಕಾದದ್ದು ಅಷ್ಟೇ.

ಬದಿಯಡ್ಕ ಕಡೆಯ ನಮ್ಮ ಕ್ಲಬ್ಬಿನಲ್ಲಿ ಹತ್ತು ಹದಿನೈದು ಜನ ಫ್ಯಾಂಟಸಿ ಪ್ರೀಮಿಯರ್ ಲೀಗ್ ಆಡುತ್ತೇವೆ. ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಫುಟ್ಬಾಲಿನ ಮೇಲೆ ಫೋನಿನಲ್ಲಿ ಆಡುವ ಆಟ ಅದು. ವಿಶ್ವಕಪ್ ಬಂದರೆ ಇವರೇ ಅರ್ಜೆಂಟೀನಾ, ಬ್ರೆಜಿಲ್ ಎಂದು ಫ್ಲೆಕ್ಸ್ ಕಟ್ಟಿ ಜಗಳಾಡುವವರು. ನಾನು ಲಂಡನ್ನಿನ ಆರ್ಸೆನಲ್ ಕ್ಲಬ್ಬಿನ ಪಂದ್ಯಗಳನ್ನು ಬಿಡದೆ ನೋಡುವವನಾದ್ದರಿಂದ, ಪ್ರತಿ ವಾರ ಆ ತಂಡದ ಮುಂದಿನ ಪಂದ್ಯದ ಬಗ್ಗೆ ಒಂದು ಚೀಟಿ ಬರೆದು ಕೇರಂ ಬೋರ್ಡಿನ ಪಕ್ಕದ ಗೋಡೆಗೆ ಅಂಟಿಸುವ ಕೆಲಸ ನನ್ನದು. ಹಾಗೆ ಬರೆಯುವ ಕ್ರಮವನ್ನೇ ಇಲ್ಲಿ ಹೇಳುತ್ತೇನೆ. ನಿಮ್ಮದು ಯಾವ ತಂಡವಾದರೂ ಕ್ರಮ ಒಂದೇ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ನಿಮ್ಮ ಕೈಯಲ್ಲಿ 10 ಕೋಟಿ ಪೌಂಡ್ ಸುಳ್ಳು ದುಡ್ಡು. ಅದರಲ್ಲಿ 15 ಜನರನ್ನು ಕೊಳ್ಳಬೇಕು: 2 ಗೋಲ್‌ಕೀಪರ್, 5 ಡಿಫೆಂಡರ್, 5 ಮಿಡ್‌ಫೀಲ್ಡರ್, 3 ಫಾರ್ವರ್ಡ್. ಒಂದೇ ಕ್ಲಬ್ಬಿನಿಂದ ಮೂವರಿಗಿಂತ ಜಾಸ್ತಿ ಇಲ್ಲ. ಅವರು ನಿಜವಾದ ಪಂದ್ಯದಲ್ಲಿ ಮಾಡಿದ್ದಕ್ಕೆ ನಿಮಗೆ ಅಂಕ, ಕ್ಯಾಪ್ಟನ್ ಮಾಡಿದವನಿಗೆ ಎರಡು ಪಟ್ಟು. ಸೇರಲು ಕಾಸು ಕೊಡಬೇಕಿಲ್ಲ. ದುಡ್ಡು ಕಟ್ಟಿ ಆಡುವ ಫ್ಯಾಂಟಸಿ ಆಟಗಳನ್ನು 2025ರ ಆಗಸ್ಟ್‌ನಲ್ಲಿ ಬಂದ ಕೇಂದ್ರದ ಕಾನೂನು ನಿಷೇಧಿಸಿದೆ. ನಮ್ಮಲ್ಲಿ ವಾರ ಗೆದ್ದವನೇ ಉಳಿದವರಿಗೆ ಚಾ ಕುಡಿಸಬೇಕು. ಹಾಗಾಗಿ ಗೆದ್ದವನ ಮುಖದಲ್ಲೂ ಅಂಥ ನಗು ಇರುವುದಿಲ್ಲ.

ಮೊದಲು ಗಡಿಯಾರ

ಆ ವಾರದ ಮೊದಲ ಪಂದ್ಯ ಶುರುವಾಗುವ 90 ನಿಮಿಷ ಮುಂಚೆ ತಂಡ ಬದಲಾಯಿಸುವ ಬಾಗಿಲು ಮುಚ್ಚುತ್ತದೆ. ಅದೇ ಡೆಡ್‌ಲೈನ್. ನಿಮ್ಮ ತಂಡ ಆಡುವುದು ಭಾನುವಾರವೋ ಸೋಮವಾರವೋ, ಅದಕ್ಕೆ ಲೆಕ್ಕವಿಲ್ಲ. ಇಂಗ್ಲೆಂಡಿನಲ್ಲಿ ಶನಿವಾರ ಮಧ್ಯಾಹ್ನ 12.30ಕ್ಕೆ ಮೊದಲ ಪಂದ್ಯ ಎಂದಿಟ್ಟುಕೊಳ್ಳಿ. ಅವರ ಬೇಸಿಗೆ ಸಮಯದಲ್ಲಿ ನಮಗೆ ಅದು ಸಂಜೆ 5 ಗಂಟೆ, ಡೆಡ್‌ಲೈನ್ 3.30. ಅಕ್ಟೋಬರ್ ಕೊನೆಯ ಭಾನುವಾರ ಅವರು ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಆಮೇಲೆ ನಮಗೆ 4.30. ಮಾರ್ಚ್ ಕೊನೆಯ ಭಾನುವಾರ ಮುಂದಕ್ಕೆ ತಿರುಗಿಸುತ್ತಾರೆ, ಮತ್ತೆ 3.30. ಶುಕ್ರವಾರ ರಾತ್ರಿ 8ಕ್ಕೆ ಪಂದ್ಯ ಇಟ್ಟರೆ ನಮ್ಮ ಡೆಡ್‌ಲೈನ್ ಅದೇ ರಾತ್ರಿ 11ಕ್ಕೆ, ಚಳಿಗಾಲದಲ್ಲಿ 12ಕ್ಕೆ.

ಈ ಮಾರ್ಚ್ ತಿಂಗಳ ಬದಲಾವಣೆಯೇ ಕುತ್ತಿಗೆಗೆ ಬರುವುದು. ಏಪ್ರಿಲ್‌ನ ಒಂದು ಶನಿವಾರ ಅಂಗಳದಲ್ಲಿ ಹರಡಿದ ಅಡಿಕೆಯನ್ನು ಮಗುಚಿ, ಕೈ ತೊಳೆದು, 4 ಗಂಟೆಗೆ ಆರಾಮಾಗಿ ಫೋನ್ ತೆಗೆದೆ. ಬೀಗ ಬಿದ್ದು ಅರ್ಧ ಗಂಟೆಯಾಗಿತ್ತು. ನನ್ನ ಕ್ಯಾಪ್ಟನ್, ವೈಸ್ ಕ್ಯಾಪ್ಟನ್ ಇಬ್ಬರಿಗೂ ಗಾಯ. ಅದು ನನಗೆ ಗೊತ್ತಿರಲಿಲ್ಲ ಎಂದಲ್ಲ. ‘ಇವರಿಬ್ಬರೂ ಈ ವಾರ ಬೇಡ’ ಎಂದು ಹಿಂದಿನ ದಿನ ಚೀಟಿಯಲ್ಲಿ ಬರೆದವನೇ ನಾನು. ಕ್ಲಬ್ಬಿನಲ್ಲಿ ಎಲ್ಲರೂ ಬದಲಾಯಿಸಿದ್ದರು. ನಾನೊಬ್ಬ ಬಿಟ್ಟು.

ಅಂದಿನಿಂದ ಚೀಟಿಯ ತಲೆಯಲ್ಲಿ ಕೆಂಪು ಪೆನ್ನಿನಿಂದ ನಮ್ಮ ಸಮಯ ಬರೆಯುತ್ತೇನೆ. ಹಾಗೆಯೇ ಆ ವಾರ ತಂಡಕ್ಕೆ ಪಂದ್ಯ ಉಂಟಾ ಎಂದೂ ನೋಡುತ್ತೇನೆ. ನಗೆಯಾಡಬೇಡಿ. ಕಪ್ ಪಂದ್ಯಗಳು ಅಡ್ಡ ಬಂದು ಲೀಗ್ ಪಂದ್ಯ ಮುಂದಕ್ಕೆ ಹೋದರೆ ಆ ವಾರ ತಂಡಕ್ಕೆ ಆಟವೇ ಇರುವುದಿಲ್ಲ. ಆಮೇಲೆ ಇನ್ನೊಂದು ವಾರ ಎರಡು ಪಂದ್ಯ ಬರುತ್ತವೆ.

ಯಾರು ಆಡುತ್ತಾರೆ, ಎಷ್ಟು ನಿಮಿಷ ಆಡುತ್ತಾರೆ

ಇಡೀ ಮುನ್ನೋಟದ ಜೀವ ಇದು. ಯಾರು ಗೆಲ್ಲುತ್ತಾರೆ ಎಂದು ಊಹಿಸಲು ಊರಿಗೆ ನೂರು ಜನ ಇದ್ದಾರೆ. ನೀವು ಹೇಳಬೇಕಾದದ್ದು ನಿಮಿಷದ ಲೆಕ್ಕ.

ಆಟಗಾರ ಮೈದಾನಕ್ಕೆ ಇಳಿದರೆ 1 ಅಂಕ, 60 ನಿಮಿಷ ಆಡಿದರೆ 2. ತಂಡ ಗೋಲು ಬಿಡದಿದ್ದರೆ ಗೋಲ್‌ಕೀಪರ್‌ಗೂ ಡಿಫೆಂಡರ್‌ಗೂ 4 ಅಂಕ. ಆದರೆ ಆ ನಾಲ್ಕು ಸಿಗಬೇಕಾದರೆ 60 ನಿಮಿಷ ಆಡಿರಲೇಬೇಕು. 59ನೇ ನಿಮಿಷಕ್ಕೆ ಹೊರಗೆ ಕರೆದರೆ ಒಟ್ಟು 1. ಅದೇ 61ಕ್ಕೆ ಹೊರಗೆ ಬಂದು, ಆಮೇಲೆ ತಂಡ ಗೋಲು ತಿಂದರೂ ಅವನ ನಾಲ್ಕು ಅವನಿಗೇ.

ಇದಕ್ಕಿಂತ ಉರಿ ಹತ್ತಿಸುವುದು ಒಂದು ನಿಮಿಷದ ಆಟ. ನಿಮ್ಮ ಹದಿನೈದರಲ್ಲಿ ಆ ವಾರಕ್ಕೆ ಆರಿಸಿದ ಹನ್ನೊಂದು ಜನರ ಪೈಕಿ ಒಬ್ಬ ಆಡಲೇ ಇಲ್ಲ ಅನ್ನಿ, ಬೆಂಚಿನಲ್ಲಿ ಇಟ್ಟವನು ತಾನಾಗಿ ಒಳಗೆ ಬರುತ್ತಾನೆ. ಕ್ಯಾಪ್ಟನ್ ಆಡದಿದ್ದರೆ ವೈಸ್ ಕ್ಯಾಪ್ಟನ್‌ಗೆ ಎರಡು ಪಟ್ಟು. ಆದರೆ 89ನೇ ನಿಮಿಷಕ್ಕೆ ಕೋಚ್ ಅವನ ಬೆನ್ನು ತಟ್ಟಿ ಒಳಗೆ ಬಿಟ್ಟರೆ? ಮುಗಿಯಿತು. ಅವನು ‘ಆಡಿದ’. ನಿಮಗೆ ಸಿಕ್ಕಿದ್ದು 1, ಕ್ಯಾಪ್ಟನ್ ಆಗಿದ್ದರೆ 2. ಬೆಂಚಿನಲ್ಲಿದ್ದವನು ಎರಡು ಗೋಲು ಹೊಡೆದಿದ್ದರೂ ಸುಮ್ನೆ ಕೂತಿರಬೇಕು. ಹಾಗಾಗಿ ‘ಗಾಯ ವಾಸಿಯಾಗಿದೆ, ಬೆಂಚಿನಿಂದ ಬರಬಹುದು’ ಎಂಬ ಸುದ್ದಿ ಅಭಿಮಾನಿಗೆ ಸಿಹಿ, ಫ್ಯಾಂಟಸಿ ಆಡುವವನಿಗೆ ವಿಷ. ಚೀಟಿಯಲ್ಲಿ ಇದನ್ನು ದೊಡ್ಡ ಅಕ್ಷರದಲ್ಲಿ ಬರೆಯಿರಿ.

ಸುದ್ದಿ ಎಲ್ಲಿಂದ? ಕೋಚ್‌ಗಳು ಪಂದ್ಯಕ್ಕೆ ಒಂದೆರಡು ದಿನ ಮುಂಚೆ ಪತ್ರಕರ್ತರ ಎದುರು ಕೂರುತ್ತಾರೆ. ಅವರ ಮಾತಿಗೆ ಬೇರೆಯೇ ನಿಘಂಟು ಬೇಕು. ‘ನೋಡೋಣ, ಇನ್ನೂ ಒಂದು ತರಬೇತಿ ಇದೆ’ ಎಂದರೆ ಹೆಚ್ಚಾಗಿ ಬೆಂಚು. ‘ಕೆಲವು ವಾರ’ ಎಂದರೆ ಮಾರಿಬಿಡಿ. ‘ಗುಂಪಿನ ಜೊತೆ ತರಬೇತಿ ಮಾಡಿದ್ದಾನೆ’ ಎಂದರೆ ಆಸೆ ಇಟ್ಟುಕೊಳ್ಳಬಹುದು. ಆಟದ ಆ್ಯಪ್‌ನಲ್ಲಿ ಹೆಸರಿನ ಪಕ್ಕ 75, 50, 25 ಶೇಕಡಾ ಎಂದು ಬಾವುಟ ಹಾಕಿರುತ್ತಾರೆ, ಆಡುವುದೇ ಇಲ್ಲ ಎಂದಾದರೆ ಕೆಂಪು. ಶೇ 75 ಎಂದ ಮಾತ್ರಕ್ಕೆ ಮುಕ್ಕಾಲು ಪಂದ್ಯ ಆಡುತ್ತಾನೆ ಎಂದಲ್ಲ! ನಮ್ಮಲ್ಲಿ ಒಬ್ಬ ಇಡೀ ಒಂದು ಸೀಸನ್ ಹಾಗೆಂದೇ ತಿಳಿದಿದ್ದ. ನಿಜವಾದ ಹನ್ನೊಂದರ ಪಟ್ಟಿ ಹೊರಬರುವುದು ಡೆಡ್‌ಲೈನ್ ಕಳೆದ ಮೇಲೆ. ಅದಕ್ಕಾಗಿಯೇ ಈ ಊಹೆಗೆ ಇಷ್ಟು ಬೆಲೆ.

ಹಳದಿ ಕಾರ್ಡೂ ಎಣಿಸಿ. ತಂಡದ ಮೊದಲ 19 ಲೀಗ್ ಪಂದ್ಯಗಳೊಳಗೆ ಐದು ಹಳದಿ ಕಂಡವನು ಒಂದು ಪಂದ್ಯ ಹೊರಗೆ. 32 ಪಂದ್ಯಗಳೊಳಗೆ ಹತ್ತು ಕಂಡರೆ ಎರಡು ಪಂದ್ಯ. ನಾಲ್ಕು ಕಾರ್ಡ್ ಇಟ್ಟುಕೊಂಡು ಓಡಾಡುವವನ ಹೆಸರನ್ನು ಚೀಟಿಯಲ್ಲಿ ಸುತ್ತು ಹಾಕಿ ತೋರಿಸಿ.

ಮಂಗಳವಾರ, ಬುಧವಾರ ಚಾಂಪಿಯನ್ಸ್ ಲೀಗ್, ಗುರುವಾರ ಯುರೋಪಾ ಲೀಗ್ ಇದ್ದರೆ ಲೆಕ್ಕ ತಲೆಕೆಳಗು. ಬುಧವಾರ ರಾತ್ರಿ ದೂರದೂರಲ್ಲಿ 90 ನಿಮಿಷ ಓಡಿದವನನ್ನು ಶನಿವಾರ ಮಧ್ಯಾಹ್ನ ಮತ್ತೆ ಇಳಿಸುತ್ತಾರಾ? ಮ್ಯಾಂಚೆಸ್ಟರ್ ಸಿಟಿಯ ಕೋಚ್ ಆಗಿ ಪೆಪ್ ಗಾರ್ಡಿಯೋಲ ಯಾರನ್ನು ಯಾವಾಗ ಕೂರಿಸುತ್ತಾರೆ ಎಂದು ಹೇಳಲಾಗದೆ ಫ್ಯಾಂಟಸಿ ಆಡುವವರು ಅದಕ್ಕೆ ಜೂಜಿನ ಚಕ್ರದ ಹೆಸರು ಸೇರಿಸಿ ‘ಪೆಪ್ ರೂಲೆಟ್’ ಎಂದೇ ಹೆಸರಿಟ್ಟರು. ನನ್ನ ಕ್ರಮ ಸರಳ. ಕಳೆದ ಆರು ಪಂದ್ಯಗಳಲ್ಲಿ ಪ್ರತಿಯೊಬ್ಬ ಎಷ್ಟು ನಿಮಿಷ ಆಡಿದ ಎಂದು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಬರೆಯುತ್ತೇನೆ. 90, 90, 88, 90 ಎಂದು ಹೋಗುವವನನ್ನು ಕಣ್ಣುಮುಚ್ಚಿ ಹೇಳಬಹುದು. 90, 12, 71, 0 ಎಂದು ಹೋಗುವವನ ಹೆಸರು ಎಷ್ಟೇ ದೊಡ್ಡದಿರಲಿ, ಬರೆಯುವಾಗ ಪೆನ್ನು ನಿಲ್ಲಬೇಕು.

ಎದುರಾಳಿ

ಆ್ಯಪ್‌ನಲ್ಲಿ ಪಂದ್ಯ ಎಷ್ಟು ಕಷ್ಟ ಎಂದು 1ರಿಂದ 5ರವರೆಗೆ ಬಣ್ಣ ಬಣ್ಣದ ಅಂಕಿ ಕೊಡುತ್ತಾರೆ. ದಾರಿ ತೋರಿಸುವ ಕಲ್ಲಿನ ಹಾಗೆ ಅದು. ದಾರಿಯಲ್ಲಿ ಮರ ಬಿದ್ದಿದೆಯಾ ಎಂದು ಕಲ್ಲು ಹೇಳುವುದಿಲ್ಲ. ಎದುರಾಳಿಯ ಎಡಗಡೆ ಡಿಫೆಂಡರ್ ಗಾಯವಾಗಿ ಹತ್ತೊಂಬತ್ತರ ಹುಡುಗನನ್ನು ಇಳಿಸುತ್ತಿದ್ದಾರೆ ಎಂದರೆ ಅದು ಅಂಕಿಯಲ್ಲಿ ಕಾಣದು. ನಿಮ್ಮ ಬಲಗಡೆಯ ವಿಂಗರ್‌ಗೆ ಮಾತ್ರ ಅದು ಹಬ್ಬ.

ಕೆಳಗಿನ ಲೀಗಿನಿಂದ ಹೊಸದಾಗಿ ಮೇಲೆ ಬಂದ ತಂಡ ಎದುರಿಗಿದ್ದರೆ ಎಲ್ಲರೂ ಅಂಕದ ಸುಗ್ಗಿ ಎಂದು ಹಾರುತ್ತಾರೆ. 2023-24ರಲ್ಲಿ ಬಂದ ಮೂರೂ ತಂಡ ಅದೇ ವರ್ಷ ಕೆಳಗೆ ಹೋದವು, 2024-25ರಲ್ಲೂ ಹಾಗೇ. ಹಾಗಾಗಿ ಆ ಅಭ್ಯಾಸ ಬಿದ್ದಿದೆ. ಆದರೆ 2025ರ ಅಕ್ಟೋಬರ್‌ನಲ್ಲಿ ಹೊಸದಾಗಿ ಬಂದ ಸಂಡರ್‌ಲ್ಯಾಂಡ್ ಚೆಲ್ಸಿಯನ್ನು ಅದರ ಮೈದಾನದಲ್ಲೇ 2-1ರಿಂದ ಸೋಲಿಸಿತು. ಹೆಸರು ನೋಡಬೇಡಿ, ಕಳೆದ ಐದಾರು ಪಂದ್ಯ ನೋಡಿ.

ನೋಡುವಾಗ ಗೋಲಿಗಿಂತ ಅವಕಾಶ ಎಣಿಸುವುದು ಒಳ್ಳೆಯದು. ಇದಕ್ಕೆ ಎಕ್ಸ್‌ಜಿ ಎಂಬ ಲೆಕ್ಕ ಇದೆ. ಆ ಜಾಗದಿಂದ, ಆ ರೀತಿ ಹೊಡೆದ ಚೆಂಡು ಗೋಲಾಗುವ ಸಾಧ್ಯತೆ ಎಷ್ಟು ಎಂದು ಒಂದಕ್ಕಿಂತ ಕಡಿಮೆಯ ಅಂಕಿ ಕೊಡುತ್ತಾರೆ. ಪೆನಾಲ್ಟಿಗೆ ಅದು 0.8ರ ಹತ್ತಿರ, 30 ಗಜದಿಂದ ಹೊಡೆದ ಚೆಂಡಿಗೆ ತೀರಾ ಕಡಿಮೆ. ಎರಡು ದೂರದ ಗುಂಡಿನಿಂದ 2-0 ಗೆದ್ದ ತಂಡವನ್ನು ನೋಡಿ ಮರುಳಾಗಬಾರದು ಎಂಬುದಕ್ಕೇ ಇದು. ಅದಕ್ಕಿಂತ ಹೆಚ್ಚು ಇದರ ಹಿಂದೆ ಬೀಳಬೇಡಿ. ಚೀಟಿ ಲೆಕ್ಕದ ಪುಸ್ತಕವಾದರೆ ಯಾರೂ ಓದುವುದಿಲ್ಲ.

ನಿಂತ ಚೆಂಡು ಯಾರ ಕಾಲಿಗೆ?

ಪೆನಾಲ್ಟಿ ಯಾರು ಹೊಡೆಯುತ್ತಾರೆ, ಕಾರ್ನರ್ ಯಾರು ಹಾಕುತ್ತಾರೆ, ಅದಕ್ಕೆ ತಲೆ ಕೊಡುವವರು ಯಾರು. ಈ ಮೂರು ಹೆಸರು ಇಲ್ಲದ ಮುನ್ನೋಟ ಉಪ್ಪಿಲ್ಲದ ಗಂಜಿ.

ನಮ್ಮ ಜಿಲ್ಲೆಯವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ತ್ರಿಕ್ಕರಿಪುರದ ಮೊಹಮ್ಮದ್ ರಫಿ 2016ರ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಫೈನಲ್‌ನಲ್ಲಿ ಕೇರಳ ಬ್ಲಾಸ್ಟರ್ಸ್ ಪರ ಗೋಲು ಹೊಡೆದದ್ದು ಕಾರ್ನರ್‌ಗೆ ತಲೆ ಕೊಟ್ಟು. ಕೋಲ್ಕತ್ತದವರು ಅದನ್ನು ತೀರಿಸಿದ್ದೂ ಕಾರ್ನರ್‌ನಿಂದ, ತಲೆಯಿಂದಲೇ. ಕೊನೆಗೆ ಪೆನಾಲ್ಟಿಯಲ್ಲಿ ಬ್ಲಾಸ್ಟರ್ಸ್ ಸೋತು ಕೊಚ್ಚಿಯ ಮೈದಾನ ಮೌನವಾಯಿತು.

ಫ್ಯಾಂಟಸಿಯಲ್ಲಿ ತಲೆ ಕೊಡುವ ಡಿಫೆಂಡರ್ ಚಿನ್ನ. ಫಾರ್ವರ್ಡ್ ಗೋಲು ಹೊಡೆದರೆ 4, ಮಿಡ್‌ಫೀಲ್ಡರ್‌ಗೆ 5, ಡಿಫೆಂಡರ್‌ಗೆ 6. 2025-26ರಿಂದ ಇನ್ನೊಂದು ನಿಯಮವೂ ಬಂದಿದೆ. ಡಿಫೆಂಡರ್‌ನ ಟ್ಯಾಕಲ್, ಬ್ಲಾಕ್, ಕ್ಲಿಯರೆನ್ಸ್, ಇಂಟರ್‌ಸೆಪ್ಷನ್ (ಚೆಂಡು ಕಿತ್ತದ್ದು, ತಡೆದದ್ದು, ದೂರ ಅಟ್ಟಿದ್ದು, ನಡುದಾರಿಯಲ್ಲಿ ಹಿಡಿದದ್ದು) ಎಲ್ಲ ಸೇರಿ ಒಂದು ಪಂದ್ಯದಲ್ಲಿ 10 ಆದರೆ 2 ಅಂಕ. ಆರ್ಸೆನಲ್‌ನ ಡಿಫೆಂಡರ್ ಗ್ಯಾಬ್ರಿಯೆಲ್ ತರದವನನ್ನು ಲೆಕ್ಕ ಹಾಕಿ ನೋಡಿ. ಪೂರ್ತಿ ಆಡಿದ್ದಕ್ಕೆ 2, ಗೋಲು ಬಿಡದ್ದಕ್ಕೆ 4, ಆ ಹತ್ತಕ್ಕೆ 2, ಕಾರ್ನರ್‌ಗೆ ಒಂದು ತಲೆ ಕೊಟ್ಟರೆ 6. ಒಟ್ಟು 14, ಪಂದ್ಯದಲ್ಲಿ ಚೆನ್ನಾಗಿ ಆಡಿದವರಿಗೆ ಸಿಗುವ ಬೋನಸ್ ಅಂಕ ಬೇರೆ. ಅದೇ ದಿನ ಒಂದು ಗೋಲು ಹೊಡೆದು ಪೇಪರಿನಲ್ಲಿ ಫೋಟೋ ಹಾಕಿಸಿಕೊಂಡ ಫಾರ್ವರ್ಡ್‌ಗೆ ಬೋನಸ್ ಬಿಟ್ಟರೆ ಬರೀ 6.

‘ಎಂತ ಮಾರಾಯ್ರೆ, ಡಿಫೆಂಡರಿಗೆಲ್ಲ ಇಷ್ಟು ದುಡ್ಡು ಹಾಕುದಾ?’ ಎಂದು ಕ್ಲಬ್ಬಿನಲ್ಲಿ ಕೇಳಿದವರು ಈಗ ಮೂವರು ಆರ್ಸೆನಲ್‌ನವರನ್ನೇ ಇಟ್ಟುಕೊಂಡಿದ್ದಾರೆ. ಮೂವರಲ್ಲಿ ಇಬ್ಬರು ಹಿಂದಿನ ಸಾಲಿನವರು.

ಈಗ ಬರೆಯುವುದು

ಚೀಟಿ ಒಂದು ಪುಟ ದಾಟಬಾರದು. ಶುಕ್ರವಾರ ಸಂಜೆ ಬರೆಯಿರಿ, ಆದರೆ ಕೆಳಗೆ ಎರಡು ಸಾಲು ಖಾಲಿ ಬಿಡಿ. ರಾತ್ರಿ ಏನಾದರೂ ಸುದ್ದಿ ಬಂದರೆ ಬೇಕಾಗುತ್ತದೆ. ಹೆಸರುಗಳನ್ನು ಮೂರು ಗುಂಪು ಮಾಡಿ: ಖಂಡಿತ ಆಡುವವರು, ಅನುಮಾನದವರು, ಬೇಡವೇ ಬೇಡದವರು. ‘ಆಡಿದರೂ ಆಡಬಹುದು, ಆಡದಿದ್ದರೂ ಇಲ್ಲ’ ಎಂಬ ಜಾರು ಮಾತು ಬರೆಯಬೇಡಿ, ಅದಕ್ಕಿಂತ ಖಾಲಿ ಗೋಡೆಯೇ ಒಳ್ಳೆಯದು. ತಪ್ಪಾದರೂ ಸರಿ, ಒಂದು ಕಡೆ ನಿಲ್ಲಿ. ನಿಮ್ಮದೇ ತಂಡ ಎಂಬ ಪ್ರೀತಿಯನ್ನು ಮಾತ್ರ ಚಪ್ಪಲಿಯ ಜೊತೆ ಹೊರಗೆ ಬಿಟ್ಟು ಬನ್ನಿ. ನನಗೇ ಇದು ಕಷ್ಟ.

ನನ್ನ ಚೀಟಿ ಹೀಗಿರುತ್ತದೆ:

‘ಡೆಡ್‌ಲೈನ್ ಶನಿವಾರ 3.30, ನಾಲ್ಕೂವರೆ ಅಲ್ಲ! ಬುಧವಾರ ದೂರದಲ್ಲಿ ಪಂದ್ಯ ಇತ್ತು, ಬಲಗಡೆಯ ವಿಂಗರ್ 90 ನಿಮಿಷ ಓಡಿದ್ದಾನೆ. ಈ ಪಂದ್ಯದಲ್ಲಿ ಅರುವತ್ತರ ಮೇಲೆ ಹೊರಗೆ ಬಂದಾನು. ಇಟ್ಟುಕೊಳ್ಳಿ, ಕ್ಯಾಪ್ಟನ್ ಬೇಡ. ಸೆಂಟರ್ ಬ್ಯಾಕ್ ಇಬ್ಬರೂ ಖಂಡಿತ. ಎದುರಾಳಿ ಕಾರ್ನರ್‌ನಲ್ಲಿ ಗೋಲು ತಿನ್ನುವ ತಂಡ, ಅವರಲ್ಲಿ ಯಾರನ್ನಾದರೂ ಬೆಂಚಿನಲ್ಲಿ ಇಟ್ಟಿದ್ದರೆ ಹನ್ನೊಂದರೊಳಗೆ ಹಾಕಿ. ಫಾರ್ವರ್ಡ್ ಗಾಯದಿಂದ ಎದ್ದಿದ್ದಾನೆ, ಬೆಂಚಿನಿಂದ 20 ನಿಮಿಷ. ಇನ್ನೊಬ್ಬನನ್ನು ಮಾರಿ ಇವನನ್ನು ಕೊಳ್ಳಲು 4 ಅಂಕ ಕಳೆದುಕೊಂಡು ಹೆಚ್ಚುವರಿ ಟ್ರಾನ್ಸ್‌ಫರ್ ಮಾಡುವವರು ನನ್ನ ಹತ್ತಿರ ಮಾತಾಡಲು ಬರಬೇಡಿ.’

ಸೋಮವಾರ ಅದೇ ಚೀಟಿಯನ್ನು ತೆಗೆದು ಸರಿಯಾದದ್ದಕ್ಕೆ ಗೀಟು, ತಪ್ಪಾದದ್ದಕ್ಕೆ ಕಾಟು ಹಾಕಿ ನೋಟ್‌ಬುಕ್ಕಿನಲ್ಲಿ ಅಂಟಿಸಿ. ಯಾವ ಕೋಚ್‌ನ ಯಾವ ಮಾತಿಗೆ ಏನು ಅರ್ಥ ಎಂಬ ನಿಘಂಟು ತಯಾರಾಗುವುದು ಹೀಗೆ. ಕಳೆದ ಬಾರಿ ನಾನು ಗೋಡೆಯಿಂದ ಚೀಟಿ ತೆಗೆಯುವ ಮುಂಚೆಯೇ ಯಾರೋ ಪೆನ್ಸಿಲಿನಲ್ಲಿ ಕಾಟು ಹಾಕಿದ್ದರು. ‘ಖಂಡಿತ’ ಎಂದಿದ್ದ ಒಬ್ಬನ ಹೆಸರಿನ ಪಕ್ಕ ಸಣ್ಣ ಅಕ್ಷರದಲ್ಲಿ: ‘ಅಣ್ಣಾ, ಇವ ಬೆಂಚಿನಲ್ಲಿ ಬಬಲ್‌ಗಮ್ ತಿಂತಾ ಇದ್ದ.’